ಮೂತ್ರಪಿಂಡ ರೋಗದಲ್ಲಿ ರಕ್ಷಕ ಕೋಶಗಳ ಪಾತ್ರ

ನಮ್ಮ ಶರೀರದಲ್ಲಿ ಮೂತ್ರಪಿಂಡಗಳಷ್ಟು ಸದ್ದಿಲ್ಲದೆ ದುಡಿಯುವ ಅವಯವಗಳು ವಿರಳ. ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಎರಡೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬಹುಪಾಲನ್ನು ರಕ್ತಕ್ಕೇ ಮರಳಿಸಿ, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಇವುಗಳ ದುಡಿಮೆಯಂತೆ ಇವುಗಳ ರೋಗವೂ ಮೌನವಾದುದು.

ಮಧುಮೇಹ, ಅಧಿಕ ರಕ್ತದೊತ್ತಡ, ಸೋಸುಕಗಳ ಉರಿಯೂತ ಮುಂತಾಗಿ ಮೂಲಕಾರಣಗಳು ಹಲವಾದರೂ, ಹಾನಿಯು ಒಂದು ಮಟ್ಟವನ್ನು ಮೀರಿದ ಬಳಿಕ ರೋಗವು ಸಾಮಾನ್ಯವಾಗಿ ಒಂದೇ ಹಾದಿಯಲ್ಲಿ ಮುಂದುವರಿಯುತ್ತದೆ. ಇದರಲ್ಲಿ ನಮ್ಮ ರಕ್ಷಕ ಕೋಶಗಳ ಪಾತ್ರ ಹಿರಿದು.

ಈ ಕೋಶಗಳ ಪರಿಚಯ ಹಳೆಯದು. 1882ರಲ್ಲಿ ವಿಜ್ಞಾನಿ ಮೆಚ್ನಿಕಾಫರು ಸಿಸಿಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿದಾಗ, ಸಂಚಾರಿ ಕೋಶಗಳು ಬಂದು ಆ ಮುಳ್ಳನ್ನು ಸುತ್ತುವರಿದುದನ್ನು ಕಂಡರು. ಇವೇ ಭಕ್ಷಕ ಕೋಶಗಳು. ಈ ಕ್ಷೇತ್ರದ ಸಾಧನೆಗಾಗಿ ಅವರಿಗೆ 1908ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಮೂತ್ರಪಿಂಡದಲ್ಲಿಯೂ ನಡೆಯುವುದು ಹೀಗೆಯೇ. ಸೋಸುಕವು ಹಾನಿಗೊಂಡಾಗ ರಕ್ತದ ಆಲ್ಬುಮಿನ್ ಎಂಬ ಸಸಾರಜನಕ ವಸ್ತು ಸೋರಿ ಮೂತ್ರನಾಳಿಕೆಗಳಿಗಿಳಿಯುತ್ತದೆ. ಬಳಲಿದ ನಾಳಿಕೆಗಳು ರಾಸಾಯನಿಕ ಕರೆ ಕಳುಹಿಸುತ್ತವೆ. ಬಿಳಿ ರಕ್ತಕಣಗಳು ಧಾವಿಸಿ ಬಂದು, ಅವುಗಳಲ್ಲಿ ಕೆಲವು ಭಕ್ಷಕ ಕೋಶಗಳಾಗುತ್ತವೆ. 'ಟಿ' ಕೋಶಗಳೂ ಜೊತೆಗೂಡುತ್ತವೆ. ಗಾಯ ತಾತ್ಕಾಲಿಕವಾದರೆ ಇವು ಕಸ ಗುಡಿಸಿ, ದುರಸ್ತಿಗೆ ನೆರವಾಗಿ ಹಿಂದೆ ಸರಿಯುತ್ತವೆ. ಆದರೆ ಸೋರಿಕೆ ವರ್ಷಗಟ್ಟಲೆ ನಡೆದರೆ ಅಲ್ಲಿಯೇ ಬೀಡುಬಿಡುತ್ತವೆ. ಅವು ಸ್ರವಿಸುವ ವಸ್ತುಗಳು ನಾರು ನೇಯುವ ಕೋಶಗಳನ್ನು ಪ್ರಚೋದಿಸುತ್ತವೆ. ಹೀಗೆ ಬೆಳೆದ ನಾರು ಕಲೆಗಟ್ಟಿ ಸೂಕ್ಷ್ಮ ರಕ್ತನಾಳಗಳನ್ನು ನಶಿಸುತ್ತದೆ. ಉಳಿದ ಘಟಕಗಳ ಮೇಲೆ ಹೊರೆ ಹೆಚ್ಚಿ, ಅವೂ ಸೋರತೊಡಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಹಾಗೆಂದು ಬೇಲಿಯನ್ನೇ ಕಿತ್ತೊಗೆಯಲಾದೀತೆ? ರಕ್ಷಕ ಕೋಶಗಳನ್ನು ಅಡಗಿಸಿದರೆ ಸೋಂಕುಗಳಿಗೆ ಬಾಗಿಲು ತೆರೆದಂತಾಗುತ್ತದೆ. ಆದುದರಿಂದಲೇ ಸ್ಟಿರಾಯ್ಡ್‌ನಂತಹ ಔಷಧಗಳು ಕೆಲವು ಬಗೆಯ ಮೂತ್ರಪಿಂಡ ರೋಗಗಳಿಗೆ ಮಾತ್ರ ಮೀಸಲು. ಉಳಿದವರಲ್ಲಿ, ಈ ಕೋಶಗಳನ್ನು ಕರೆಯುವ ಸೋರಿಕೆಯನ್ನೇ ತಗ್ಗಿಸುವುದು ವಿವೇಕದ ಮಾರ್ಗ. ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ ಇದಕ್ಕೆ ತಳಹದಿ. ಸೋರಿಕೆಯನ್ನು ಕಡಿಮೆ ಮಾಡುವ ರಕ್ತದೊತ್ತಡದ ಔಷಧಗಳಿವೆ. ಮಧುಮೇಹಕ್ಕೆಂದು ಬಂದ ಡಪಾಗ್ಲಿಫ್ಲೋಜಿನ್, ಮಧುಮೇಹವಿಲ್ಲದ ರೋಗಿಗಳಲ್ಲಿಯೂ ಮೂತ್ರಪಿಂಡದ ಅವನತಿಯನ್ನು ನಿಧಾನಗೊಳಿಸುವುದೆಂದು 2020ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು. ಇವನ್ನು ವೈದ್ಯರ ಸಲಹೆಯಂತೆಯೇ ಸೇವಿಸತಕ್ಕದ್ದು.

ಮಹಾನಗರದ ಧಾವಂತದಲ್ಲಿ, ನೋವಿಲ್ಲದ ರೋಗಕ್ಕೆ ಪರೀಕ್ಷೆಯೇಕೆಂದು ನಾವು ಉದಾಸೀನ ಮಾಡುವುದುಂಟು. ಆದರೆ ಕಾರ್ಯಶಕ್ತಿಯ ಅರ್ಧದಷ್ಟು ನಷ್ಟವಾಗುವವರೆಗೂ ರಕ್ತದ ಕ್ರಿಯಾಟಿನಿನ್ ಪ್ರಮಾಣ ಸಹಜವಾಗಿಯೇ ತೋರಬಹುದು. ಮೂತ್ರದಲ್ಲಿನ ಆಲ್ಬುಮಿನ್ ಅದಕ್ಕೂ ಮೊದಲೇ ಸುಳಿವು ಕೊಡಬಲ್ಲುದು. ಆದುದರಿಂದ ಮಧುಮೇಹ ಅಥವಾ ರಕ್ತದೊತ್ತಡವುಳ್ಳವರು ವರ್ಷಕ್ಕೊಮ್ಮೆಯಾದರೂ ಇವೆರಡು ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು. ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗುತ್ತಿರಬಾರದು. ಕಟ್ಟಿದ ಕಲೆಯನ್ನು ಅಳಿಸುವ ಔಷಧ ಇಂದಿಗೂ ಕೈಗೆ ಬಂದಿಲ್ಲ. ಕಲೆ ಕಟ್ಟದಂತೆ ತಡೆಯುವ ಅವಕಾಶ ಮಾತ್ರ ನಮ್ಮ ಕೈಯಲ್ಲಿದೆ.