ಕುಳಿ ಮುಚ್ಚಿದ ಹುಲ್ಲಿಗೆ ಒಂದು ಚೊಂಬು ನೀರು

ಗಾಲ್ಫ್ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದೇ 1876ರಲ್ಲಿ. ಇಂಡಿ, ಸಿಂದಗಿ ಕಡೆಯವರಿಗೆ ಅದು ದೂರದ ಆಟವಿರಬಹುದು. ಆದರೆ ಮನೆ ಮುಂದೆ ಲಾನ್ ಬೆಳೆಸಿದವರಿಗೆ ಅಲ್ಲಿನ ಮಾಲಿಗಳ ಒಂದು ಕಸುಬು ಬಹಳ ಉಪಯೋಗಕ್ಕೆ ಬರುತ್ತದೆ.

ಗಾಲ್ಫ್ ಕುಳಿಯ ಅಗಲ 4.25 ಇಂಚು. ಸುತ್ತಲಿನ ಹುಲ್ಲು ತುಳಿತಕ್ಕೆ ಸವೆಯುವುದರಿಂದ ಕುಳಿಯ ಜಾಗವನ್ನು ಆಗಾಗ ಬದಲಿಸುತ್ತಾರೆ. ಹೊಸ ಕುಳಿಯಿಂದ ಕೊರೆದು ತೆಗೆದ ಹುಲ್ಲು-ಮಣ್ಣಿನ ಬಿಲ್ಲೆ ಹಳೆಯದನ್ನು ಮುಚ್ಚುತ್ತದೆ. ಬೇರು ಕತ್ತರಿಸಿಹೋದ ಆ ಬಿಲ್ಲೆಯೇ ಮೊದಲು ಒಣಗುವುದು. ಉಬ್ಬಿ ನಿಂತರೆ ಯಂತ್ರ ಅದರ ತಲೆ ಬೋಳಿಸುತ್ತದೆ, ತಗ್ಗಿದರೆ ಚೆಂಡು ಕುಪ್ಪಳಿಸುತ್ತದೆ. ಅದಕ್ಕೇ ತಳದ ಮಣ್ಣು ಸಡಿಲಿಸಿ, ಮಟ್ಟ ನೋಡಿ ಒತ್ತಿ, ಸಂದಿಗೆ ಮರಳು ತುಂಬಿ, ಕೈಯಾರೆ ನೀರು ಹಾಕುತ್ತಾರೆ.

ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆಮಣ್ಣಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಒಣಗಿದಾಗ ಕುಗ್ಗಿ ಬಿರಿಯುವ ಮಣ್ಣದು. ತೇಪೆ ಹಾಕಿದ ಹುಲ್ಲಿನ ಅಂಚು ಬಿಟ್ಟುಕೊಂಡು ಬೇರಿಗೆ ಗಾಳಿ ಹೊಡೆಯುತ್ತದೆ.

ಗಾಲ್ಫ್ ಮೈದಾನದ ಹುಲ್ಲೆಂಬ ಹೆಸರಿಗೆ ಮರುಳಾಗಿ ಬೆಂಟ್‌ಗ್ರಾಸ್ ಬೀಜ ತರಿಸಬೇಡಿ. ತಂಪು ಸೀಮೆಯ ಆ ಹುಲ್ಲು 40 ಡಿಗ್ರಿಯ ಬೇಸಿಗೆಗೆ ಬಾಳದು. ರೈತರು ಕಿತ್ತು ಕಿತ್ತು ಸೋತ ಕರಿಕೆಯ ಕುಲದ್ದೇ ಆದ ಬರ್ಮುಡಾ ಹುಲ್ಲನ್ನು ಹಚ್ಚಿರಿ.