ಹಳೇ ಟ್ರಾಕ್ಟರ್ ಕೊಳ್ಳೋ ಮುಂಚೆ

ನಮ್ಮ ಕ್ಲಾಸಿನಲ್ಲಿ ಹಳೇ ಬುಲೆಟ್ ಹುಡುಕೋರು ಸುಮಾರು ಜನ ಇದ್ದಾರೆ. ನನಗೆ ಹಿಡಿದಿರೋ ಹುಚ್ಚು ಸ್ವಲ್ಪ ಭಾರದ್ದು, ಒಂದು ಟನ್ನಿಗಿಂತ ಜಾಸ್ತಿ. ಅಜ್ಜ ಓಡಿಸುತ್ತಿದ್ದ ಎಚ್‌ಎಂಟಿ 2511 ನಾನು ಐದನೇ ಕ್ಲಾಸಿನಲ್ಲಿದ್ದಾಗ ಗುಜರಿಗೆ ಹೋಯಿತು. ಅಂಥದ್ದೇ ಇನ್ನೊಂದು ಬೇಕು ಅಂತ ಎರಡು ತಿಂಗಳಿಂದ ಕಾಕಾನ ಜೊತೆ ಟಿಳಕವಾಡಿಯಿಂದ ಖಾನಾಪುರದ ಕಡೆ ಓಡಾಡ್ತಿದ್ದೇನೆ.

ಎಚ್‌ಎಂಟಿ ಅಂದ್ರೆ ನಮಗೆಲ್ಲ ವಾಚು. ಆದರೆ 1971ರಿಂದ ಪಿಂಜೋರ್‌ನಲ್ಲಿ ಝೆಕೊಸ್ಲೊವಾಕಿಯಾದ ಝೆಟರ್ ತಂತ್ರಜ್ಞಾನದಲ್ಲಿ ಟ್ರಾಕ್ಟರ್ ಕೂಡ ಮಾಡ್ತಿದ್ದರು. 2511 ಅಂದರೆ ಎರಡು ಸಿಲಿಂಡರ್, 25 ಅಶ್ವಶಕ್ತಿ. 2016ರಲ್ಲಿ ಆ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಬಿಡಿಭಾಗ ಸಿಗದಿದ್ದರೆ ನಮ್ಮ ಉದ್ಯಮಬಾಗ್ ಇದೆಯಲ್ಲ: ಬುಷ್, ಪಿನ್ನು ಲೇಥ್‌ನಲ್ಲಿ ಮಾಡಿಸಬಹುದು. ಆದರೆ ಬಿರುಕು ಬಿಟ್ಟ ಬ್ಲಾಕ್ ಕೊಳ್ಳಬೇಡಿ. ಅದನ್ನು ಸರಿಮಾಡಿಸೋ ಖರ್ಚಿಗೆ ಕೊನೆ ಇರಲ್ಲ.

ಮೊದಲು ನೋಡಿದ ಗಾಡಿಗೆ ಹೊಸ ಬಣ್ಣ ಹೊಡೆದಿದ್ದರು. ಒಂದೇ ಸೆಲ್ಫಿಗೆ ಎಂಜಿನ್ ಸ್ಟಾರ್ಟ್! ನಾನು ಖುಷಿಯಾದೆ. ಕಾಕಾ ಬಾನೆಟ್ ಮೇಲೆ ಕೈ ಇಟ್ಟು, ‘ಬಿಸಿ ಅದ ನೋಡಪಾ, ನಾವು ಬರೋಕ್ಕಿಂತ ಮುಂಚೆನ ಚಾಲೂ ಮಾಡ್ಯಾರ’ ಅಂದ. ಆವತ್ತು ಕಲಿತ ಪಾಠ: ತಣ್ಣಗಿರೋ ಎಂಜಿನ್ನನ್ನೇ ನಮ್ಮೆದುರು ಸ್ಟಾರ್ಟ್ ಮಾಡಿಸಬೇಕು. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡ್ತಿದೆ. ಡಿಪ್‌ಸ್ಟಿಕ್ ಮೇಲೆ ಹಾಲಿನಂಥ ಬಣ್ಣ ಇದ್ದರೆ ಎಂಜಿನ್ ಆಯಿಲ್‌ಗೆ ನೀರು ಸೇರಿದೆ. ಹಿಂದೆ ಭಾರದ ನೇಗಿಲು ಎತ್ತಿಸಿ ಎಂಜಿನ್ ಬಂದ್ ಮಾಡಿ ನೋಡಿ. ಕೂಡಲೇ ಕೆಳಗಿಳಿದರೆ ಹೈಡ್ರಾಲಿಕ್ ಕೆಲಸ ಬಾಕಿ ಇದೆ.

ಖಾನಾಪುರದ ಕಡೆ ಇನ್ನೊಂದು ಪರೀಕ್ಷೆ ಬೇಕು. ಅಲ್ಲಿ ಭತ್ತದ ಗದ್ದೆ ಜಾಸ್ತಿ, ಟ್ರಾಕ್ಟರ್ ಮಳೆಗಾಲ ಪೂರ್ತಿ ಕೆಸರಿನಲ್ಲೇ ಇರ್ತದೆ. ಸೀಲ್ ಸವೆದಿದ್ದರೆ ಹಿಂದಿನ ಆಕ್ಸಲ್‌ಗೆ ನೀರು ಹೋಗ್ತದೆ. ರಾತ್ರಿ ನಿಂತ ಗಾಡಿಯ ಡ್ರೇನ್ ಪ್ಲಗ್ ಬೆಳಿಗ್ಗೆ ಸ್ವಲ್ಪ ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ತಳದಲ್ಲಿ ನಿಂತಿರ್ತದೆ, ಹಾಗಾಗಿ ಮೊದಲು ಅದೇ ಬರ್ತದೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಈಗ ಕಾಗದ. ಗಾಡಿ ಮೇಲೆ ಕೊರೆದ ಚಾಸಿಸ್ ನಂಬರನ್ನು ಆರ್‌ಸಿಗೆ ಹೋಲಿಸಿ, ರಿವೆಟ್ ಹೊಡೆದ ಪ್ಲೇಟನ್ನಷ್ಟೇ ನಂಬಬೇಡಿ. ಚಂದಗಡದ ಕಡೆಯ ಎಂಎಚ್ 09 ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು. ಹದಿನೈದು ವರ್ಷ ದಾಟಿದ ಆರ್‌ಸಿ ರಿನ್ಯೂ ಆಗಿದೆಯಾ ಕೇಳಿ. ಆಗಿಲ್ಲ ಅಂದ್ರೆ ರೇಟು ಗುಜರಿ ತೂಕದಿಂದ ಶುರು ಮಾಡಿ.

ನಾವು ಕೊನೆಗೆ ಒಪ್ಪಿದ 2511ರಲ್ಲಿ ಎಂಜಿನ್, ಲಿಫ್ಟು ಎಲ್ಲಾ ಚಲೋ ಇತ್ತು. ಆದರೆ ಆರ್‌ಸಿ ಇರೋದು ತೀರಿಕೊಂಡ ಅಜ್ಜನ ಹೆಸರಲ್ಲಿ. ಮೊದಲು ವಾರಸುದಾರರು ಫಾರ್ಮ್ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಬೇಕು, ಆಮೇಲೆ 29, 30 ತುಂಬಿ ನಮಗೆ. ಮೂವರು ಮಕ್ಕಳು ಒಪ್ಪಿದ್ದಾರೆ. ಪುಣೆಯಲ್ಲಿರೋ ನಾಲ್ಕನೆಯವರು, ‘ಅಪ್ಪನ ಗಾಡಿ ಮಾರೋದ್ಯಾಕೆ’ ಅಂತ ಸಹಿ ಹಾಕ್ತಿಲ್ಲ. ನಮ್ಮನೆಯಲ್ಲೂ ಅವತ್ತು ಯಾರಾದ್ರೂ ಹಾಗೆ ಕೇಳಬೇಕಿತ್ತು ಅನ್ನಿಸ್ತು. ಅಡ್ವಾನ್ಸ್ ಕೊಟ್ಟಿಲ್ಲ. ಗಣಪತಿ ಹಬ್ಬಕ್ಕೆ ಅವರು ಊರಿಗೆ ಬರ್ತಾರಂತೆ, ಆಗ ಹೋಗಿ ಮಾತಾಡ್ತೇವೆ.