ಸುಗ್ಗಿಯ ದಿನಗಳಲ್ಲಿ ಒಂದು ಓಲೆಗವನ

ಕಾಯಕವನ್ನು ಪೂಜೆಯೆಂದು ಬಗೆದ ಧರ್ಮ ನಮ್ಮದು. ಕಾಯಕ ಮಾಡುವ ಕಾಯದೊಳಗೆ ಮನಸ್ಸೊಂದಿದೆ, ಅದಕ್ಕೂ ಆರೈಕೆ ಬೇಕು ಎಂಬುದು ದುಡಿಮೆಯ ದಿನಗಳಲ್ಲಿ ಬೇಗ ಮರೆತುಹೋಗುತ್ತದೆ.

ದಸರೆಯಿಂದ ಎಳ್ಳ ಅಮಾವಾಸ್ಯೆಯವರೆಗೆ ನಮ್ಮ ಭಾಗದಲ್ಲಿ ಬಿಡುವೆಂಬುದಿಲ್ಲ. ಔರಾದ, ಭಾಲ್ಕಿ ತಾಲ್ಲೂಕುಗಳ ಹೊಲಗಳಲ್ಲಿ ಸೋಯಾ ರಾಶಿ ಮುಗಿಯುವಷ್ಟರಲ್ಲಿ ಕಡಲೆ, ಜೋಳದ ಬಿತ್ತನೆ ಬಂದಿರುತ್ತದೆ. ಬೀದರ ನಗರದ ಅಂಗಡಿಗಳಲ್ಲಿ ದೀಪಾವಳಿಯ ವ್ಯಾಪಾರದ ಗದ್ದಲ. ಮನೆಯೊಳಗೆ ಹಬ್ಬದ ಅಡುಗೆ, ಬಂದವರ ಸತ್ಕಾರ. ಮಕ್ಕಳು ದುಡಿಮೆಗೆಂದು ಹೈದರಾಬಾದಿಗೋ ಪುಣೆಗೋ ಹೋಗಿರುವ ಮನೆಗಳಲ್ಲಿ ಈ ಭಾರವೆಲ್ಲ ಹಿರಿಯರ ಹೆಗಲಿಗೆ ಬೀಳುತ್ತದೆ. ಮೈಯ ದಣಿವು ಒಂದು ರಾತ್ರಿಯ ನಿದ್ದೆಯಿಂದ ಕಳೆಯಬಹುದು. ಮನಸ್ಸಿನ ದಣಿವಾದರೋ ನಿದ್ದೆಗೇಡಾಗಿ, ಸಿಡುಕಾಗಿ, ಮಾತಿಲ್ಲದ ಮಂಕಾಗಿ ಉಳಿಯುತ್ತದೆ. ಅದಕ್ಕೆ ಖರ್ಚಿಲ್ಲದ ಒಂದು ಆರೈಕೆಯನ್ನು ಈ ಸಂಚಿಕೆಯಲ್ಲಿ ಅಭ್ಯಾಸ ಮಾಡೋಣ. ಅದುವೇ ಓಲೆಗವನ: ನಮಗೆ ಬೇಕಾದವರೊಬ್ಬರನ್ನು ಕುರಿತು, ಕಾಗದ ಬರೆಯುವ ಹಾಗೆ, ನಮ್ಮ ಸಂತೋಷಕ್ಕಾಗಿಯೇ ಬರೆದುಕೊಳ್ಳುವ ಐದಾರು ಸಾಲಿನ ಕವನ.

ಇದು ಹೊಸದಾಗಿ ಬಂದ ರೂಢಿಯಲ್ಲ. ಕಾಳಿದಾಸನ ಮೇಘದೂತದಲ್ಲಿ ಯಕ್ಷನು ಮೋಡದ ಮೂಲಕ ಮಡದಿಗೆ ಸಂದೇಶ ಕಳಿಸುತ್ತಾನೆ. 1942ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯಲ್ಲಿ ತವರಿಗೆ ಹೋದ ಹೆಂಡತಿ ಗಂಡನಿಗೆ ಬರೆದ ಓಲೆಯೇ ಕವನವಾಗಿದೆ. ಅಕ್ಷರ ಬಾರದ ನಮ್ಮ ತಾಯಂದಿರೂ ಬೀಸುವ ಕಲ್ಲಿನ ಮುಂದೆ ಕುಳಿತು, ದೂರದ ತವರನ್ನೂ ಒಡಹುಟ್ಟಿದವರನ್ನೂ ನೆನೆದು ಹಾಡಿಕೊಂಡರು. ಕೈ ಕೆಲಸದಲ್ಲಿತ್ತು, ಮನಸ್ಸು ತವರಿನೊಡನೆ ಮಾತಾಡುತ್ತಿತ್ತು.

ಶರಣರ ವಚನಗಳಲ್ಲಿಯೂ ಈ ಕರೆಯುವ ಗುಣವಿದೆ. ಬಸವಣ್ಣನವರು ಕೂಡಲಸಂಗಮದೇವನನ್ನು, ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನನ್ನು ಹೆಸರು ಹಿಡಿದು ಕರೆದು ಮನದ ಮಾತನ್ನು ನಿವೇದಿಸಿದರು. ನುಲಿಯ ಚಂದಯ್ಯನವರು ಹಗ್ಗ ಹೊಸೆಯುವವರು, ಮಡಿವಾಳ ಮಾಚಿದೇವರು ಬಟ್ಟೆ ಮಡಿ ಮಾಡುವವರು, ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಅಕ್ಕಿ ಆಯ್ದು ದಾಸೋಹ ನಡೆಸಿದವರು. ಇವರಾರೂ ಬಿಡುವಾದ ಮೇಲೆ ನುಡಿಯೋಣವೆಂದು ಕಾಯಲಿಲ್ಲ. ನಾವು ಬರೆಯುವುದು ವಚನದ ಎತ್ತರಕ್ಕೆ ಏರಬೇಕಾಗಿಲ್ಲ. ಕಾಯಕದ ನಡುವೆಯೇ ನುಡಿಗೆ ಸ್ಥಳವಿದೆ ಎಂಬ ಪಾಠವೊಂದನ್ನು ಅವರಿಂದ ಕಲಿತರೆ ಸಾಕು.

ಇಂದಿನ ವಿಜ್ಞಾನವೂ ಬರವಣಿಗೆಯ ಹಿತವನ್ನು ಪರೀಕ್ಷಿಸಿದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಅವರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ತಮ್ಮ ನೋವಿನ ಘಟನೆಯನ್ನೂ ಅದರ ಭಾವನೆಯನ್ನೂ ಬರೆದವರಿಗೆ ಆ ಗಳಿಗೆಯಲ್ಲಿ ಮನಸ್ಸು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋಗಬೇಕಾದದ್ದು ಉಳಿದವರಿಗಿಂತ ಕಡಿಮೆ. 2004ರಲ್ಲಿ ಚಾಡ್ ಬರ್ಟನ್ ಮತ್ತು ಲಾರಾ ಕಿಂಗ್ ಅವರು ಸಂತಸದ ಅನುಭವಗಳನ್ನು ಮೂರು ದಿನ, 20 ನಿಮಿಷದಂತೆ ಬರೆಸಿದಾಗಲೂ ಇಂಥದೇ ಫಲ ಕಂಡಿತು. ಬರೆದವರ ಮನಸ್ಸೂ ಹಗುರಾಯಿತು. ಇವೆರಡೂ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನಗಳು. ಇವುಗಳಿಂದ ಬರವಣಿಗೆಯನ್ನು ಔಷಧವೆಂದು ಕರೆಯಲಾಗದು. ಹಿತವಾದ ಅಭ್ಯಾಸವೆಂದು ಧಾರಾಳವಾಗಿ ಹೇಳಬಹುದು.

ಅಭ್ಯಾಸದ ಕ್ರಮ ಸರಳವಾದುದು. ಸಂಜೆಯ ಇಷ್ಟಲಿಂಗ ಪೂಜೆಯಾದ ಮೇಲೆ ಮೊಬೈಲನ್ನು ದೂರವಿಟ್ಟು ಹತ್ತು ನಿಮಿಷ ಕುಳಿತುಕೊಳ್ಳಬೇಕು. ಮೊದಲು, ಯಾರಿಗೆ ಬರೆಯುವುದೆಂದು ನಿಶ್ಚಯಿಸಿ ಅವರನ್ನು ನಾವು ಕರೆಯುವ ಹಾಗೆಯೇ ಕರೆಯಬೇಕು: ಅವ್ವ, ಅಪ್ಪಾಜಿ, ತಂಗಿ, ಗೆಳೆಯ. ತೀರಿಹೋದವರಿಗೂ ಬರೆಯಬಹುದು, ಹೊಲದ ಎತ್ತಿಗೂ ಬರೆಯಬಹುದು. ಎರಡನೆಯದಾಗಿ, ಆ ದಿನ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕು. ಮೂರನೆಯದಾಗಿ, ಎದುರಿಗಿದ್ದರೆ ಅವರಿಗೆ ಏನು ಹೇಳುತ್ತಿದ್ದೆವೋ ಅದನ್ನೇ ಬರೆಯಬೇಕು. ಪ್ರಾಸ, ಛಂದಸ್ಸುಗಳ ಚಿಂತೆ ಬೇಡ. ಈ ಪಾಠಕ್ಕಾಗಿ ನಾವು ಬರೆದ ಒಂದು ಮಾದರಿ ಹೀಗಿದೆ:

ತಂಗೀ, ಸೋಯಾ ರಾಶಿ ಆಯಿತು,
ಕಣದ ಧೂಳು ಇನ್ನೂ ಕೂದಲಲ್ಲಿದೆ.
ನಿನ್ನ ಪಾಲಿನ ಕೆಲಸ ನಾನೇ ಮಾಡಿದೆ,
ನಿನ್ನ ಪಾಲಿನ ನಗು ಹಾಗೇ ಉಳಿದಿದೆ.
ಎಳ್ಳ ಅಮಾವಾಸ್ಯೆಗೆ ಬಾ,
ಭಜ್ಜಿಗೆ ಉಪ್ಪು ಎಷ್ಟೆಂದು ಜಗಳಾಡಲು
ಮನೆಯಲ್ಲಿ ಯಾರೂ ಇಲ್ಲ.

ಇದರಲ್ಲಿ ಪಾಂಡಿತ್ಯವಿಲ್ಲ. ಆದರೆ ದಿನವಿಡೀ ಒಳಗೇ ಉಳಿದಿದ್ದ ಪ್ರೀತಿ, ದಣಿವು, ಸಣ್ಣದೊಂದು ಮುನಿಸು ಇವೆಲ್ಲ ಹೊರಬಂದಿವೆ. ಬರೆದದ್ದನ್ನು ಕಳಿಸಲೇಬೇಕೆಂಬ ನಿಯಮವಿಲ್ಲ. ಡಬ್ಬಿಯಲ್ಲಿಟ್ಟು ಹಬ್ಬದ ದಿನ ಓದಿಕೊಳ್ಳಬಹುದು. ದಿನವೂ ಬರೆಯಬೇಕೆಂಬ ಹಟವೂ ಬೇಡ. ಆಗ ಅದೂ ಒಂದು ಹೊರೆಯಾಗುತ್ತದೆ. ವಾರಕ್ಕೊಂದಾದರೂ ಸಾಕು. ಬರೆಯಲು ಬಾರದ ಹಿರಿಯರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಅದರಿಂದ ಇಬ್ಬರಿಗೂ ಲಾಭ.

ಒಂದು ಎಚ್ಚರಿಕೆಯೂ ಅಗತ್ಯ. ಬರೆಯುವಾಗ ಕಣ್ಣೀರು ಬಂದರೆ ಅಂಜಬೇಕಾಗಿಲ್ಲ. ಆದರೆ ಬರೆದಷ್ಟೂ ನೋವು ಹೆಚ್ಚುತ್ತಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ಊಟ ನಿದ್ದೆಗಳು ಕೆಟ್ಟರೆ, ಸಾಲದ ಚಿಂತೆಯಲ್ಲಿ ಬದುಕೇ ಬೇಡವೆನಿಸಿದರೆ ಒಡನೆ ಮನೆಯವರಿಗೆ ತಿಳಿಸಿ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಅದು ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು.

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಹಾಗೆ ಉಳಿದು ಬಂದ ಅಕ್ಷರ ಇಂದು ಅರ್ಜಿ, ಲೆಕ್ಕ, ಪರೀಕ್ಷೆಗಳಿಗೆ ಒದಗುತ್ತಿದೆ. ಅದು ನಮ್ಮ ಸಂತೋಷಕ್ಕೂ ಒದಗಲಿ. ಸದ್ಭಕ್ತರೆಲ್ಲರೂ ಈ ಸುಗ್ಗಿಯಲ್ಲಿ ಒಂದು ಹಾಳೆಯನ್ನು ತಮ್ಮ ಮನಸ್ಸಿಗಾಗಿ ಮೀಸಲಿಡಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.